ಐದು ಅಂಗುಲ

ದರ್ಜಿ ಬಟ್ಟೆಯನ್ನು ಕತ್ತರಿಸುವಾಗ ಉಳಿದ ಚೂರುಗಳು ಅವನ ಕಾಲ ಬಳಿಯಲ್ಲೇ ಬಿದ್ದಿರುತ್ತವೆ. ನಾವು ಚಿಕ್ಕವರಾಗಿದ್ದಾಗ ಅವನ್ನು ಆಯ್ದು ತಂದು ಬೊಂಬೆಗಳಿಗೆ ಅಂಗಿ ಹೊಲಿಯುತ್ತಿದ್ದೆವು. ಬಡಗಿ ಮರವನ್ನು ಕೊಯ್ದರೆ ಉಳಿದ ತುಂಡು ಒಲೆಗಾದರೂ ಒದಗುತ್ತದೆ. ಆದರೆ ಚಿತ್ರವನ್ನು ಕತ್ತರಿಸಿದಾಗ ಬಿದ್ದುಹೋದ ಭಾಗ ಏನಾಗುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಅದನ್ನು ಕೇಳಿಸಿದವಳು ಎಂಟನೆಯ ತರಗತಿಯ ಒಬ್ಬ ಹುಡುಗಿ.

ನನ್ನ ಊರು ಅತ್ತಿಬೆಲೆ. ಬೆಂಗಳೂರಿನಿಂದ ಹೊಸೂರಿನ ಕಡೆಗೆ ಹೊರಟವರಿಗೆ ಇದು ಕರ್ನಾಟಕದ ಅಂಚಿನ ಊರು. ಆ ಕಡೆಯಿಂದ ಬರುವವರಿಗೆ ಹೊಸಿಲಿನ ಊರು. ನಾನು ಬಾಲಕನಾಗಿದ್ದಾಗ ಊರ ಸುತ್ತ ರಾಗಿ, ಅವರೆ, ಹುಚ್ಚೆಳ್ಳುಗಳ ಹೊಲಗಳಿದ್ದುವು. 1970ರ ದಶಕದ ಕೊನೆಯಲ್ಲಿ ಇದೇ ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಬೊಮ್ಮಸಂದ್ರ, ಜಿಗಣಿ, ಕಡೆಗೆ ನಮ್ಮ ಅತ್ತಿಬೆಲೆ ಎಲ್ಲವೂ ಕೈಗಾರಿಕಾ ಪ್ರದೇಶಗಳಾದುವು. ಊರ ಪಕ್ಕದ ರಸ್ತೆಗೆ ಆಗ ಇದ್ದ 7ನೆಯ ರಾಷ್ಟ್ರೀಯ ಹೆದ್ದಾರಿ ಎಂಬ ಹೆಸರು ಹೋಗಿ, ಈಗ ಅದು ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಹರಿಯುವ 44ನೆಯ ಹೆದ್ದಾರಿಯಾಗಿದೆ. ಊರು ಇಷ್ಟು ಬದಲಾಗಿದ್ದರೂ ಅದನ್ನು ಒಮ್ಮೆಗೇ ಕಣ್ತುಂಬ ನೋಡುವಂಥ ಒಂದು ಚಿತ್ರವೂ ನಾನು ಪಾಠ ಹೇಳಿದ ಶಾಲೆಯಲ್ಲಿ ಇರಲಿಲ್ಲ. ಸಭಾಂಗಣದ ಉದ್ದನೆಯ ಗೋಡೆ ಬರಿದಾಗಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ರಜೆಯ ದಿನಗಳಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಅಲೆಯುವುದು ಅವನ ಹವ್ಯಾಸ. “ಮೇಷ್ಟ್ರೇ, ಆ ಗೋಡೆಗೆ ಊರಿನ ಅಷ್ಟೂ ನೋಟವನ್ನು ಒಂದೇ ಪಟದಲ್ಲಿ ಹಿಡಿದುಕೊಡುತ್ತೇನೆ” ಎಂದ. ಆನೆಯನ್ನು ಕನ್ನಡಿಯಲ್ಲಿ ತೋರಿಸುವ ಮಾತು ಕೇಳಿದ್ದೆ. ಊರನ್ನು ತೋರಿಸುವುದು ಹೇಗೆಂದು ನೋಡುವ ಕುತೂಹಲದಿಂದ ನಾನೂ ಜೊತೆಗೂಡಿದೆ.

2022ರ ನವೆಂಬರಿನ ಒಂದು ಭಾನುವಾರ. ಹಿಂದಿನ ರಾತ್ರಿ ಮಳೆ ಸುರಿದು ಆಕಾಶ ತೊಳೆದಿಟ್ಟ ಹಾಗಿತ್ತು. ಸೂರ್ಯ ಬೆನ್ನಿಗಿರಲೆಂದು ಸಂಜೆ ನಾಲ್ಕರ ಹೊತ್ತಿಗೆ ಶಾಲೆಯ ತಾರಸಿಯನ್ನೇರಿ ಈಶಾನ್ಯಕ್ಕೆ ಮುಖಮಾಡಿ ನಿಂತೆವು. ಎಡಗಡೆ ಬೆಂಗಳೂರಿನ ದಿಕ್ಕು, ನಡುವೆ ಹೆದ್ದಾರಿ, ಬಲಗಡೆಯ ತುದಿಯಲ್ಲಿ ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ. ಇಷ್ಟನ್ನೂ ಒಂದು ಸಲಕ್ಕೆ ನುಂಗುವ ಶಕ್ತಿ ಅವನ ಕ್ಯಾಮೆರಾದ ಕಣ್ಣಿಗೆ ಇರಲಿಲ್ಲ. ಆದ್ದರಿಂದ ಅದನ್ನು ನಿಡಿದಾಗಿ ನಿಲ್ಲಿಸಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒಂಬತ್ತು ಚಿತ್ರಗಳನ್ನು ತೆಗೆದ. ಒಂದೊಂದು ಚಿತ್ರದ ಮೂರನೆಯ ಒಂದು ಭಾಗ ಪಕ್ಕದ ಚಿತ್ರದಲ್ಲಿಯೂ ಇರಬೇಕು. ಹೆಂಚು ಹೊದಿಸುವವನು ಒಂದು ಹೆಂಚಿನ ಅಂಚನ್ನು ಇನ್ನೊಂದರ ಮೇಲೆ ಏರಿಸುವುದಿಲ್ಲವೆ, ಹಾಗೆ. ಬೆಳಕಿನ ಅಳತೆಯನ್ನು ಮೊದಲ ಚಿತ್ರಕ್ಕೆ ನಿಗದಿಮಾಡಿ ಕೊನೆಯವರೆಗೂ ಬದಲಿಸಕೂಡದು. ಬದಲಿಸಿದರೆ ಆಕಾಶ ತೇಪೆ ಹಾಕಿದ ಕಂಬಳಿಯಂತಾಗುತ್ತದೆ.

ಕ್ಯಾಮೆರಾ ತಿರುಗಬೇಕೇ ಹೊರತು ಜಾಗ ಬಿಟ್ಟು ಸರಿಯಬಾರದೆಂದು ಅವನು ಮತ್ತೆ ಮತ್ತೆ ಹೇಳಿದ. ಕಾರಣವನ್ನು ನೀವೇ ಪರೀಕ್ಷಿಸಬಹುದು. ತೋರುಬೆರಳನ್ನು ಮುಖದ ಮುಂದೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೂ ಬಲಕ್ಕೂ ಸರಿಸಿ ನೋಡಿ. ಬೆರಳು ಅಲುಗದಿದ್ದರೂ ಅದರ ಹಿಂದಿರುವ ಗೋಡೆಯ ಮೇಲೆ ಅದು ಓಡಾಡುತ್ತದೆ. ಹತ್ತಿರದ ವಿದ್ಯುತ್ಕಂಬ ಹೀಗೆ ದೂರದ ಕಟ್ಟಡದ ಮೇಲೆ ಓಡಾಡಿಬಿಟ್ಟರೆ ಪಕ್ಕಪಕ್ಕದ ಎರಡು ಚಿತ್ರಗಳು ಕೂಡಿಕೊಳ್ಳುವುದಿಲ್ಲ.

ಸ್ಟ್ಯಾಂಡಿನ ಮೂರು ಕಾಲುಗಳ ತಿರುಪುಗಳನ್ನು ಬಿಗಿಮಾಡುವ ಕೆಲಸವನ್ನು ಅವನು ನನಗೆ ಒಪ್ಪಿಸಿದ್ದ. ಎರಡನ್ನು ಬಿಗಿದೆ. ಮೂರನೆಯದನ್ನು ಬಿಗಿಯುವಷ್ಟರಲ್ಲಿ ಹೊಸೂರಿನ ಬೆಟ್ಟ ಅಷ್ಟು ಸ್ಪಷ್ಟವಾಗಿ ಕಂಡಿತು, ನಾನು ಅದನ್ನೇ ನೋಡುತ್ತ ನಿಂತುಬಿಟ್ಟೆ. ಮಳೆನೀರು ಹರಿಯಲೆಂದು ತಾರಸಿಗೆ ವಾಟವಿತ್ತು; ಅದರ ಜೊತೆಗೆ ಆ ಸಡಿಲ ಕಾಲೂ ಒಂದಿಷ್ಟು ಕುಸಿದಿತ್ತು. ಆಗ ಇಬ್ಬರಿಗೂ ಅದು ತಿಳಿಯಲಿಲ್ಲ.

ಆ ರಾತ್ರಿ ಅವನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತೆವು. ಅವನು ಬಳಸಿದ್ದು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಒಂದು ತಂತ್ರಾಂಶ. ಜರ್ಮನಿಯ ಪ್ರಾಧ್ಯಾಪಕ ಹೆಲ್ಮುಟ್ ಡೆರ್ಶ್ 1998ರಲ್ಲಿ ರಚಿಸಿ ಹಂಚಿದ ಸಾಧನಗಳೇ ಅದರ ತಳಹದಿಯಂತೆ. ಯಂತ್ರವು ಎರಡು ಚಿತ್ರಗಳಿಗೂ ಸಮಾನವಾದ ಗುರುತುಗಳನ್ನು ಹುಡುಕುತ್ತದೆ: ಒಂದು ಕಿಟಕಿಯ ಮೂಲೆ, ಕಂಬದ ತುದಿ, ಫಲಕದ ಅಕ್ಷರ. ಬರಿಯ ಆಕಾಶದಲ್ಲಿ ಅದಕ್ಕೆ ಹಿಡಿತ ಸಿಕ್ಕುವುದಿಲ್ಲ. ಗುರುತುಗಳು ಕೂಡಿಬಂದ ಕಡೆ ಒಂದನ್ನು ಇನ್ನೊಂದರ ಮೇಲೆ ಕೂಡಿಸಿ ಹೊಲಿಗೆ ಕಾಣದಂತೆ ಬೆಸೆಯುತ್ತದೆ.

ಯಂತ್ರ ಕೆಲಸ ಮಾಡುತ್ತಿರುವಾಗ ನನ್ನ ಶಿಷ್ಯನಿಗೆ ನಾನೊಂದು ಕಥೆ ಹೇಳಿದೆ. ಮೇಷ್ಟರ ಚಟ ಸುಲಭವಾಗಿ ಬಿಡುವುದಲ್ಲ. ಇಂಥ ಸುತ್ತುನೋಟದ ಚಿತ್ರವನ್ನು ಜನ ದುಡ್ಡುಕೊಟ್ಟು ನೋಡುವಂತೆ ಮಾಡಿದವನು ರಾಬರ್ಟ್ ಬಾರ್ಕರ್ ಎಂಬ ಕಲಾವಿದ. 1787ರಲ್ಲಿ ಅವನು ಅದಕ್ಕೆ ಹಕ್ಕುಪತ್ರ ಪಡೆದ. ಪನೋರಮಾ ಎಂಬ ಹೆಸರು ಗ್ರೀಕಿನ ಎರಡು ಮಾತುಗಳಿಂದ ಹುಟ್ಟಿದ್ದು. ‘ಸಮಸ್ತ ನೋಟ’ ಎಂದು ಅರ್ಥ. ಅದಾದ ಕೆಲವೇ ವರ್ಷಗಳಲ್ಲಿ ಲಂಡನ್ನಿನ ಜನ ನಮ್ಮ ಶ್ರೀರಂಗಪಟ್ಟಣವನ್ನೂ ಹೀಗೆ ಕಂಡರು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ ಮಡಿದನಷ್ಟೆ. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನ ಲೈಸಿಯಂ ಎಂಬ ರಂಗಮಂದಿರದಲ್ಲಿ ಪ್ರದರ್ಶಿಸಿದ. ಅವನು ಕಾವೇರಿಯನ್ನು ಕಂಡವನಲ್ಲ. ಕೋಟೆಯನ್ನೇರುವ ಇಂಗ್ಲಿಷ್ ಸೇನಾಧಿಕಾರಿಗಳು ಅದರಲ್ಲಿ ಎದ್ದು ಕಾಣುವಂತೆ ನಿಂತಿದ್ದರು. ಆ ಮೂಲಚಿತ್ರ ಈಗ ಉಳಿದಿಲ್ಲ. ಅದರಿಂದ ತೆಗೆದ ಅಚ್ಚುಚಿತ್ರಗಳು ಉಳಿದಿವೆ. “ಎಲ್ಲವೂ ಇದೆಯೆಂದು ಹೆಸರಿಟ್ಟುಕೊಂಡ ಚಿತ್ರ ನೋಡಪ್ಪ, ಆ ಕೋಟೆಯೊಳಗೆ ಒಲೆ ಹಚ್ಚಿಕೊಂಡಿದ್ದವರ ಮನೆಗಳನ್ನು ಯಾರು ನೆನೆದರು?” ಎಂದು ನಾನು ಗಂಭೀರವಾಗಿ ಪ್ರಶ್ನಿಸಿದೆ. ಶಿಷ್ಯ ತಲೆದೂಗಿದ. ಈ ಮಾತಾಡಿ ಅರ್ಧ ಗಂಟೆಯೊಳಗೆ ನಾನು ಮಾಡಿದ ಕೆಲಸವನ್ನು ಹೇಳಬೇಕಾಗಿರುವುದರಿಂದಲೇ ಈ ಕಥೆಯನ್ನು ಇಲ್ಲಿ ಬರೆದೆ.

ಬೆಸುಗೆ ಮುಗಿದು ಚಿತ್ರ ತೆರೆದಾಗ ನನಗೆ ಮೊದಲು ನಗು ಬಂತು. ದಾರದಂತೆ ನೇರವಾದ ನಮ್ಮ ಹೆದ್ದಾರಿ ಬಿಲ್ಲಿನಂತೆ ಬಾಗಿತ್ತು. ದುಂಡು ಗೋಡೆಯ ಒಳಮೈಯಲ್ಲಿ ಬರೆದ ಚಿತ್ರವನ್ನು ಸುಲಿದು ನೆಲದ ಮೇಲೆ ಹಾಸಿದರೆ ಹೀಗೇ ಆಗುವುದಂತೆ. ಒಂದು ಲಾರಿಗೆ ಮುಖವಿತ್ತು, ಬೆನ್ನಿರಲಿಲ್ಲ. ಸ್ಕೂಟರಿನವನೊಬ್ಬ ಮೂರು ಕಡೆ ಕಾಣಿಸಿಕೊಂಡಿದ್ದ. ಕ್ಯಾಮೆರಾ ತಿರುಗಿದ ದಿಕ್ಕಿಗೇ ಅವನೂ ಹೋಗುತ್ತಿದ್ದನಲ್ಲ! ಇವುಗಳನ್ನು ಶಿಷ್ಯ ಬೇಗನೆ ಸರಿಪಡಿಸಿದ. ಸರಿಪಡಿಸಲಾಗದ ತೊಂದರೆ ಬೇರೆ ಇತ್ತು. ದಿಗಂತವನ್ನು ಮಟ್ಟವಾಗಿಸಿದೊಡನೆ ಒಂಬತ್ತು ಚಿತ್ರಗಳು ಎಡದಿಂದ ಬಲಕ್ಕೆ ಮೆಟ್ಟಿಲುಗಳಂತೆ ಏರುತ್ತ ಹೋದುವು. ಎಡಗಡೆಯ ಚಿತ್ರಗಳು ನೆಲವನ್ನು ಹೆಚ್ಚಾಗಿ ನೋಡಿದ್ದುವು, ಬಲಗಡೆಯವು ಆಕಾಶವನ್ನು. ನಾನು ಬಿಗಿಯದೆ ಬಿಟ್ಟ ತಿರುಪಿನ ಫಲ ಅದು.

ಚಿತ್ರವೆಂದರೆ ನಾಲ್ಕು ಮೂಲೆಗಳೂ ನೆಟ್ಟಗಿರಬೇಕೆಂಬುದು ರೂಢಿ. ಮೆಟ್ಟಿಲುಗಳ ಮೇಲಿಂದ ಒಂದು ಆಯತವನ್ನು ಕತ್ತರಿಸಿ ತೆಗೆಯಬೇಕಾಗಿತ್ತು. ಶಿಷ್ಯ ಲೆಕ್ಕ ಹಾಕಿದ. ಚಿತ್ರದ ಉದ್ದಕ್ಕೆ ಸುಮಾರು 25,000 ಚುಕ್ಕೆಗಳು. ಹತ್ತಿರ ನಿಂತು ನೋಡಿದರೂ ಚುಕ್ಕೆ ಬಿಡಿಯಾಗಿ ಕಾಣದಂತೆ ಮುದ್ರಿಸಲು ಒಂದು ಅಂಗುಲಕ್ಕೆ 300 ಚುಕ್ಕೆಗಳು ಬೇಕು. ಅಂದರೆ 83 ಅಂಗುಲ, ಏಳು ಅಡಿಗೆ ಒಂದಂಗುಲ ಕಡಮೆ. ಎತ್ತರ 20 ಅಂಗುಲ ಬರಬೇಕಾದದ್ದು, ಪೂರ್ತಿ ಉದ್ದವನ್ನು ಉಳಿಸಿಕೊಂಡರೆ ಎಡಗಡೆ ಕೆಳಗಿನಿಂದ ಐದು ಅಂಗುಲ ಕಳೆದು 15 ಆಗುತ್ತದೆ. ಆ ಐದು ಅಂಗುಲ ಬೇಕೆಂದರೆ ಬಲಗಡೆಯಿಂದ ಚಿತ್ರದ ಬಹುಭಾಗವನ್ನೇ ಬಿಡಬೇಕು. “ಉದ್ದ ಬೇಕೋ ಎತ್ತರ ಬೇಕೋ, ಮೇಷ್ಟ್ರೇ?” ಎಂದ.

ಬಲಗಡೆಯನ್ನು ಬಿಟ್ಟರೆ ಬೆಟ್ಟ ಹೋಗುತ್ತಿತ್ತು. ಆ ಬೆಟ್ಟ ನನಗೆ ಏನೆಂಬುದನ್ನು ಹೇಳದೆ ಮುಂದೆ ಹೋಗಲಾರೆ. ನನ್ನ ತಾಯಿಯ ತವರು ಹೊಸೂರಿನ ಬಳಿಯ ಹಳ್ಳಿ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಪುನರ್ವಿಂಗಡಿಸಿದಾಗಲೂ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಗಡಿಯ ಎರಡು ಕಡೆಗೂ ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಅಂಗಳದಲ್ಲಿ ಆಡುವ ಜನ. ಹೆಣ್ಣು ಕೊಟ್ಟು ತಂದ ಮನೆಗಳು ನೂರಾರು. ಸಂಜೆ ಹಿತ್ತಲಲ್ಲಿ ಪಾತ್ರೆ ಬೆಳಗುವಾಗ ನಮ್ಮಮ್ಮ ಆಗಾಗ ತಲೆಯೆತ್ತಿ ಆ ಬೆಟ್ಟವನ್ನು ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾನು ಎಷ್ಟೋ ತರಗತಿಗಳಲ್ಲಿ ವಿವರಿಸಿದ್ದೇನೆ. ವಿವರಿಸುವಾಗೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದುದು ಆ ಬೆಟ್ಟವೇ. ನಾನು ಇದಾವುದನ್ನೂ ಶಿಷ್ಯನಿಗೆ ಹೇಳಲಿಲ್ಲ. “ಉದ್ದವೇ ಇರಲಿ, ಗೋಡೆಗೆ ಅದೇ ಶೋಭೆ. ಎಡಗಡೆ ಕೆಳಗೆ ಏನಿದೆ? ತಗಡಿನ ಶೆಡ್ಡುಗಳು ತಾನೆ?” ಎಂದೆ. ಅವನು ಕತ್ತರಿಸಿದ.

ಪಕ್ಕಾ ಪ್ರತಿಗೆ ಮುನ್ನ ಸಾಧಾರಣ ಕಾಗದದ ಮೇಲೆ ಒಂದು ಮಾದರಿಯನ್ನು ಮುದ್ರಿಸಿ ಶಾಲೆಯ ಫಲಕಕ್ಕೆ ಅಂಟಿಸಿದೆವು. ಮಕ್ಕಳು ಜೇನುಹುಳುಗಳಂತೆ ಮುತ್ತಿದರು. ಅವರಲ್ಲಿ ಯಾರೂ ಬೆಟ್ಟವನ್ನಾಗಲಿ, ದಿಗಂತ ಮಟ್ಟವಾಗಿರುವುದನ್ನಾಗಲಿ ನೋಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಎಲ್ಲರೂ ಹುಡುಕುತ್ತಿದ್ದುದು ತಮ್ಮ ತಮ್ಮ ಮನೆಯನ್ನು. “ಇಗೋ ನಮ್ಮ ನೀರಿನ ಟ್ಯಾಂಕು!” “ನಮ್ಮ ತೆಂಗಿನಮರ!” ಗದ್ದಲವೆಲ್ಲ ಇಳಿದ ಮೇಲೆ ಒಬ್ಬ ಹುಡುಗಿ ಮಾತ್ರ ಎಡಗಡೆಯ ತುದಿಯಲ್ಲಿ ನಿಂತೇ ಇದ್ದಳು. ಕಾಗದದ ಕೆಳ ಅಂಚನ್ನು ಉಗುರಿನಿಂದ ಎತ್ತಿ ಅದರ ಹಿಂದೆಯೂ ಇಣುಕಿದಳು. ಆಮೇಲೆ ನನ್ನ ಕಡೆ ತಿರುಗಿ, “ನಮ್ಮ ಮನಿ ಎಲ್ಲಿ ಐತ್ರಿ ಸರ?” ಎಂದು ಕೇಳಿದಳು.

ಅವಳ ತಂದೆತಾಯಿ ರಾಯಚೂರಿನ ಕಡೆಯವರು; ಶಾಲೆಯ ಪಕ್ಕದ ದೊಡ್ಡ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿದ್ದರು. ಜಾಗ ಸಾಲದೆ ಬಿಟ್ಟುಹೋಗಿದೆ ಎಂದು ನಾನು ಏನೋ ಹೇಳಿದೆ. ಅವಳು ಹೂಂ ಎಂದು ತಲೆಯಾಡಿಸಿ ಹೋದಳು. ಅಳಲಿಲ್ಲ, ಮುನಿಯಲಿಲ್ಲ. ಬಿಟ್ಟುಹೋಗುವುದು ಅವಳಿಗೆ ಹೊಸದಲ್ಲವೆಂಬಂತೆ ಹೋದಳು. ಆ ರಾತ್ರಿ ನನಗೆ ಪೋರ್ಟರನ ಚಿತ್ರದ ಬಗ್ಗೆ ಆಡಿದ ಮಾತು ನೆನಪಾಗಿ ನಾಚಿಕೆಯಾಯಿತು.

ಮರುದಿನ ಶಿಷ್ಯನ ಮನೆಗೆ ಹೋಗಿ ಕತ್ತರಿಸುವ ಮೊದಲಿನ ಚಿತ್ರವನ್ನು ತೆರೆಸಿದೆ. ಶಾಲೆ ಬಿಟ್ಟ ಮೇಲೆ ಅವಳನ್ನೂ ಅವಳ ತಾಯಿಯನ್ನೂ ಅಲ್ಲಿಗೆ ಕರೆಸಿದ್ದೆವು. ಶಿಷ್ಯ ಎಡಗಡೆಯ ಕೆಳಮೂಲೆಯನ್ನು ದೊಡ್ಡದುಮಾಡುತ್ತ ಹೋದ. ಶೆಡ್ಡುಗಳ ಸಾಲು, ನಾಲ್ಕನೆಯ ಬಾಗಿಲಿನ ಮುಂದೆ ಕೆಂಪು ಬಕೆಟ್ಟು, ಹಗ್ಗದ ಮೇಲೆ ಒಣಗಲು ಹರವಿದ ನೀಲಿಯ ಲಂಗ. ಭಾನುವಾರವಲ್ಲವೆ? ಸೋಮವಾರದ ಶಾಲೆಗಾಗಿ ಒಗೆದು ಹಾಕಿದ್ದು. “ಅದು ನನ್ನ ಲಂಗ ಐತ್ರಿ” ಎಂದಳು. ತಾಯಿ ಪರದೆಯ ಹತ್ತಿರ ಬಾಗಿ ನೋಡಿ, ಬಕೆಟ್ಟನ್ನು ಆವೊತ್ತು ಒಳಗಿಡಲು ಮರೆತಿದ್ದೆನೆಂದು ನಕ್ಕಳು.

ಇನ್ನೊಮ್ಮೆ ತಾರಸಿಯನ್ನೇರಿ ಸರಿಯಾಗಿ ತೆಗೆಯಬಾರದೆ ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ಜನವರಿಯಲ್ಲಿ ಎರಡು ಸಲ ಏರಿದೆವು. ಈ ಬಾರಿ ಮೂರು ತಿರುಪುಗಳನ್ನೂ ನಾನು ಕೈ ನೋಯುವಂತೆ ಬಿಗಿದೆ. ಒಂದು ಸಲ ಮಂಜು, ಇನ್ನೊಂದು ಸಲ ಧೂಳು. ಬೆಟ್ಟ ಇದ್ದ ಕಡೆ ಬೂದುಬಣ್ಣದ ಪರದೆ ಇಳಿಬಿಟ್ಟಿತ್ತು. ಎಡಗಡೆ ನೋಡಿದರೆ ಶೆಡ್ಡುಗಳೇ ಇರಲಿಲ್ಲ. ಕಟ್ಟಡದ ಕೆಲಸ ಮುಗಿದು ತಗಡುಗಳನ್ನು ಬಿಚ್ಚಿ ಲಾರಿಗೆ ಹೇರಿಕೊಂಡು ಹೋಗಿದ್ದರು. ನೆಲದಲ್ಲಿ ಒಲೆಯಿದ್ದ ಕಡೆ ಕಪ್ಪು ಗುರುತುಗಳು ಮಾತ್ರ ಉಳಿದಿದ್ದುವು. ಆ ಸಂಸಾರ ಚಂದಾಪುರದ ಬಳಿ ಹೊಸ ಕಟ್ಟಡದ ಕೆಲಸಕ್ಕೆ ಹೋಗಿತ್ತು. ವರ್ಷದ ಪರೀಕ್ಷೆ ಮುಗಿಯಲೆಂದು ಹುಡುಗಿ ಅಲ್ಲಿಂದಲೇ ಬಸ್ಸಿನಲ್ಲಿ ಬರುತ್ತಿದ್ದಳು. ಬೆಟ್ಟವೂ ಲಂಗವೂ ಒಟ್ಟಿಗಿದ್ದದ್ದು ಆ ಒಂದು ಸಂಜೆ ಮಾತ್ರ.

ಶಿಷ್ಯ ಇನ್ನೊಂದು ಉಪಾಯ ಸೂಚಿಸಿದ. ಏನನ್ನೂ ಕತ್ತರಿಸುವುದು ಬೇಡ. ಮೆಟ್ಟಿಲುಗಳ ಕೆಳಗೆ ಖಾಲಿ ಉಳಿದ ಜಾಗವನ್ನು ಯಂತ್ರವೇ ತುಂಬಿಕೊಡುತ್ತದೆ. ಸುತ್ತಲಿನ ಬಣ್ಣ, ಆಕಾರಗಳನ್ನು ನೋಡಿ ಅಲ್ಲಿ ಏನಿದ್ದೀತೆಂದು ಊಹಿಸಿ ಬರೆಯುವ ವಿದ್ಯೆ ಅದಕ್ಕಿದೆಯಂತೆ. “ಬಿಟ್ಟ ಸ್ಥಳಗಳನ್ನು ತುಂಬಿರಿ” ಎಂಬ ಪ್ರಶ್ನೆಯನ್ನು ಎಷ್ಟು ಸಾವಿರ ಮಕ್ಕಳಿಗೆ ಕೊಟ್ಟಿದ್ದೇನೋ! ಯಂತ್ರ ಹೇಗೆ ಉತ್ತರಿಸುತ್ತದೆಂದು ನೋಡುವ ಆಸೆಯಾಯಿತು. ಕ್ಷಣಮಾತ್ರದಲ್ಲಿ ಬಲಗಡೆಯ ಕೆಳಭಾಗ ತುಂಬಿತು. ತೆನೆಹೊತ್ತ ರಾಗಿಯ ಹೊಲ! ಅಲ್ಲಿ ನಿಜವಾಗಿ ಇರುವುದು ಪೆಟ್ರೋಲ್ ಬಂಕು. ಆದರೆ ನನ್ನ ಬಾಲ್ಯದಲ್ಲಿ ಅಲ್ಲಿದ್ದುದು ರಾಗಿಯ ಹೊಲವೇ. ನಾನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ. ಅದನ್ನು ಹಾಗೆಯೇ ಉಳಿಸಿಕೊಳ್ಳುವ ಆಸೆ ನನಗಾಗಲಿಲ್ಲವೆಂದರೆ ಸುಳ್ಳಾದೀತು. ಬಳಿಕ “ಅಳಿಸಪ್ಪ” ಎಂದೆ. ಸರಿಯಾದ ಉತ್ತರ ಬಾರದಿದ್ದಾಗ ಸ್ಥಳವನ್ನು ಖಾಲಿ ಬಿಟ್ಟ ವಿದ್ಯಾರ್ಥಿಯ ಮೇಲೆ ನನಗೆಂದೂ ಕೋಪ ಬಂದದ್ದಿಲ್ಲ.

ಕಡೆಗೆ ಹೀಗೆ ಮಾಡಿದೆವು. ಮೇಲಿನ ಅಂಚನ್ನು ಎಡಗಡೆಯ ಮಟ್ಟಕ್ಕೆ ನೇರವಾಗಿ ಕತ್ತರಿಸಿದೆವು. ಅದರಿಂದ ಬಲಗಡೆ ಹೋದದ್ದು ಬರಿಯ ಆಕಾಶ, ಅಲ್ಲಿ ಯಾರ ಮನೆಯೂ ಇರಲಿಲ್ಲ. ಕೆಳಗಿನ ಅಂಚನ್ನು ಮುಟ್ಟಲೇ ಇಲ್ಲ. ಕ್ಯಾಮೆರಾ ಕಂಡಷ್ಟೇ ಚಿತ್ರ, ಕಾಣದ ಕಡೆ ಬಿಳಿಯ ಕಾಗದ. ಎಡದಿಂದ ಬಲಕ್ಕೆ ಎಂಟು ಮೆಟ್ಟಿಲುಗಳು ಏರಿಹೋಗುತ್ತವೆ. 24 ಅಂಗುಲ ಅಗಲದ ಕಾಗದದ ಸುರುಳಿಯಲ್ಲಿ 20 ಅಂಗುಲದ ಚಿತ್ರ ಚೆನ್ನಾಗಿಯೇ ಹಿಡಿಯಿತು. ಕೆಳಗೆ ಮೆಟ್ಟಿಲುಗಳೇಕೆ ಎಂದು ಮುಖ್ಯೋಪಾಧ್ಯಾಯಿನಿಯವರು ಕೇಳಿದಾಗ ತಿರುಪಿನ ವಿಷಯವನ್ನು ಮುಚ್ಚಿಡದೆ ಹೇಳಿದೆ. ಅವರು ನಕ್ಕರು, ಆಮೇಲೆ ಎಡಗಡೆಯ ಮೂಲೆಯನ್ನು ಬಹಳ ಹೊತ್ತು ನೋಡಿದರು.

ಪರೀಕ್ಷೆ ಮುಗಿದ ದಿನ ಹುಡುಗಿಗೆ ಕೊಡಲೆಂದು ಶಿಷ್ಯ ಆ ಮೂಲೆಯನ್ನಷ್ಟೇ ಬೇರೆಯಾಗಿ ಕತ್ತರಿಸಿ ಅಂಗೈಯಗಲದ ಒಂದು ಪ್ರತಿ ಮಾಡಿಸಿದ. ಬಾಗಿಲು, ಬಕೆಟ್ಟು, ಹಗ್ಗ, ಲಂಗ. ಹೆದ್ದಾರಿಯಿಲ್ಲ, ಬೆಟ್ಟವಿಲ್ಲ. ಆ ಕತ್ತರಿಕೆಗೆ ನಾನು ಅಡ್ಡಿ ಹೇಳಲಿಲ್ಲ. ಅವಳು ಅದನ್ನು ಸಮಾಜ ವಿಜ್ಞಾನದ ಪುಸ್ತಕದ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದಳು.

ದೊಡ್ಡ ಪ್ರತಿಯನ್ನು ಸುತ್ತಿಕೊಂಡು ಕಟ್ಟು ಹಾಕಿಸಲು ಅಂಗಡಿಗೆ ಹೋದವನು ನಾನು. ಅಂಗಡಿಯಾತ ಅದನ್ನು ಮೇಜಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೂ ಭಾರವಿಟ್ಟು, ಒಂದು ಗಳಿಗೆ ನೋಡಿದ. “ಅಂಚು ಕಟ್ ಮಾಡೋದನ್ನೇ ಮರೆತುಬಿಟ್ಟಿದ್ದಾರೆ ಮೇಷ್ಟ್ರೇ. ಇರಲಿ ಬಿಡಿ, ನಾನೇ ನೇರ ಮಾಡಿಕೊಡ್ತೀನಿ, ಅದಕ್ಕೇನೂ ದುಡ್ಡು ಬೇಡ” ಎಂದು ಉಕ್ಕಿನ ಅಳತೆಪಟ್ಟಿಯನ್ನು ಕೆಳಗಿನ ಅಂಚಿಗೆ ಒತ್ತಿ ಹಿಡಿದು ಬ್ಲೇಡಿಗೆ ಕೈಚಾಚಿದ. ಬೇಡವೆಂದೆ. ಅವನಿಗೆ ನಂಬಿಕೆಯಾಗಲಿಲ್ಲ, ಇಷ್ಟು ಒಳ್ಳೆಯ ಚಿತ್ರವನ್ನು ಹೀಗೆ ಬಿಟ್ಟರೆ ನೋಡಿದವರು ತನ್ನ ಕೆಲಸವನ್ನೇ ಆಡಿಕೊಳ್ಳುತ್ತಾರೆಂದು ಗೊಣಗಿದ. ಸಂಜೆ ಬಂದು ತೆಗೆದುಕೊಂಡು ಹೋಗಿ ಎಂದ. ನಾನು ಹೋಗಲಿಲ್ಲ. ಗಾಜನ್ನು ಕೂಡಿಸಿ, ಹಿಂದಿನ ಹಲಗೆಗೆ ಮೊಳೆ ಹೊಡೆಯುವವರೆಗೂ ಅಲ್ಲಿಯ ಸ್ಟೂಲನ್ನು ಬಿಟ್ಟು ಏಳದೆ ಕುಳಿತಿದ್ದೆ.